ಸೊಸೆಯ ಎದೆ ಮಡಿಲಲ್ಲಿಟ್ಟುಕೊಂಡು ಅಂಕಲಿಗೆ

ಎರಡು ವರ್ಷದ ಹಿಂದಿನ ಮಾತು. ನಾಗರ ಪಂಚಮಿ ಮುಗಿದು ಎಂಟು ದಿನವಾಗಿತ್ತು. ಹಬ್ಬಕ್ಕೆ ಕಟ್ಟಿದ ಶೇಂಗಾ ಉಂಡಿ ಇನ್ನೂ ಅರ್ಧ ಡಬ್ಬಿ ಉಳಿದಿದ್ದವು. ಆ ಹಬ್ಬದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ತಪ್ಪು ಎಂದು ನನಗೆ ಗೊತ್ತಾದದ್ದು ಆ ಎಂಟನೇ ದಿನ ಬೆಳಿಗ್ಗೆ, ಮಿರಜದಿಂದ ಫೋನು ಬಂದಾಗ.

ನಾನು ಮೂರನೇ ಇಯತ್ತೆಯವರೆಗೆ ಶಾಲೆ ಕಂಡವಳು. ಓದಲು ಬರುತ್ತದೆ, ಬರೆಯುವ ರೂಢಿಯಿಲ್ಲ. ಆದರೆ ಮೊನ್ನೆಯ ಪಂಚಮಿಗೆ ನನಗಾದ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ನಾಲ್ಕು ಮಂದಿಗೆ ಹೇಳದಿದ್ದರೆ ಉಂಡದ್ದು ಕರಗುವುದಿಲ್ಲ ಎನ್ನುವ ಹಾಗಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಐನಾಪುರದ ಹೊರಗೆ ದ್ರಾಕ್ಷಿ ತೋಟ. ಮನೆಯೂ ತೋಟದಲ್ಲೇ. ನಾನು, ನಮ್ಮ ಮನೆಯವರು, ಮಗ ಅಣ್ಣಾಸಾಬ, ಸೊಸೆ ಶೈಲಾ, ಆಗ ಇಷ್ಟೇ ಮಂದಿ. ಶೈಲಾ ಅಂಕಲಿಯ ಹುಡುಗಿ. ಮಾತು ಕಡಿಮೆ, ಕೆಲಸ ಬಹಳ. ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ಒಂದು ದಿನ, ಮಣೂಕ, ಅಂದರೆ ಒಣದ್ರಾಕ್ಷಿ, ಒಣಗಿಸುವ ಶೆಡ್ಡಿನಲ್ಲಿ ಬಲೆಯ ಮೇಲೆ ದ್ರಾಕ್ಷಿ ಹರಡುತ್ತಿದ್ದವಳು ನಿಂತ ನಿಲುವಿನಲ್ಲೇ ಕೆಳಗೆ ಬಿದ್ದಳು. ನೀರು ಹೊಡೆಯುವಷ್ಟರಲ್ಲಿ ಎದ್ದು ಕೂತಳು. ಬಿಸಿಲಿಗೆ ಆಗಿರಬೇಕು ಎಂದು ಸುಮ್ಮನಾದೆವು. ಎರಡು ತಿಂಗಳ ಮೇಲೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಬಿದ್ದಳು. ಮೂರನೇ ಸಲ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಕಡೆಗೇ ವಾಲಿದಳು. ನಾನು ಪಕ್ಕದಲ್ಲಿ ಇರದಿದ್ದರೆ ಮುಖ ಬೆಂಕಿಗೆ ಹೋಗುತ್ತಿತ್ತು. ಕೈ ಸುಟ್ಟಿತು. ಆ ಗುರುತು ಇನ್ನೂ ಇದೆ.

ಆಮೇಲೆ ಮಂದಿಯ ಬಾಯಿ ಶುರುವಾಯಿತು. ಒಬ್ಬರು ದೆವ್ವದ ಗಾಳಿ ಅಂದರು, ಒಬ್ಬರು ಫಿಟ್ಸ್ ಅಂದರು. ನಾನೂ ಒಂದು ತಾಯಿತ ಕಟ್ಟಿಸಿದೆ, ಸುಳ್ಳು ಯಾಕೆ ಹೇಳಲಿ. ಅಥಣಿಯ ಡಾಕ್ಟರರು ಫಿಟ್ಸಿನ ಗುಳಿಗೆ ಕೊಟ್ಟರು. ಗುಳಿಗೆ ತಿಂದು ಹುಡುಗಿ ಹಗಲೆಲ್ಲ ತೂಕಡಿಸತೊಡಗಿದಳು, ಬೀಳುವುದು ಮಾತ್ರ ನಿಲ್ಲಲಿಲ್ಲ. ನಮ್ಮ ಭಾವನ ಮನೆಯವರೊಬ್ಬರು ಮನೆಗೆ ಬಂದು, ಗೊತ್ತಿದ್ದೂ ಮುಚ್ಚಿಟ್ಟು ಕೊಟ್ಟಿದ್ದಾರೆ, ತವರಿಗೆ ಕಳಿಸಿಬಿಡಿ ಅಂದರು. ಶೈಲಾ ಒಳಗೆ ಅಕ್ಕಿ ಆರಿಸುತ್ತಿದ್ದಳು, ಕೇಳಿಸಿಕೊಂಡಳು. ಅಂದಿನಿಂದ ತಲೆ ತಿರುಗಿದರೂ ಹೇಳುವುದನ್ನು ಬಿಟ್ಟಳು. ಇದು ನಮಗೆ ಬಹಳ ದಿನ ಗೊತ್ತಾಗಲಿಲ್ಲ.

ಕೊನೆಗೆ ಅಣ್ಣಾಸಾಬ ಹೆಂಡತಿಯನ್ನು ಮಿರಜದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ನಾನೂ ಹೋದೆ. ತಲೆಯ ಫೋಟೋ ತೆಗೆದರು, ಏನೂ ಇಲ್ಲ. ಎದೆಗೆ ವೈರು ಅಂಟಿಸಿ ಒಂದು ದಿನ, ಒಂದು ರಾತ್ರಿ ಇಟ್ಟರು, ಆಗಲೂ ಎಲ್ಲ ಸರಿಯಾಗಿತ್ತು. ಅಲ್ಲಿನ ಹಿರಿಯ ಡಾಕ್ಟರರು ಕನ್ನಡ ಬಲ್ಲವರು. ನನ್ನನ್ನು ಕೂಡಿಸಿ ಹೇಳಿದರು.

"ನೋಡ್ರಿ ಅವ್ವಾರ, ಇದು ತಲಿ ರೋಗ ಅಲ್ಲ ಅಂತ ನನ್ನ ಅನುಮಾನ. ಎದಿ ಬಡಿತ ಒಂದೊಂದ ಸಲ ನಡುವ ನಿಂತು ಬಿಡತೈತಿ. ಆದ್ರ ಯಾವಾಗ ನಿಲ್ಲತೈತಿ ಗೊತ್ತಿಲ್ಲ. ಎರಡ ತಿಂಗಳಿಗೊಮ್ಮೆ ಬರೂ ಕಳ್ಳನ್ನ ಒಂದ ದಿನ ಕಾವಲ ಕುಂತ ಹಿಡಿಯಾಕ ಆಗತೈತೇನು? ಮೂರ ವರ್ಷ ಕುಂದ್ರೂ ಕಾವಲುಗಾರನ್ನ ಇಡೂಣು."

ಆ ಕಾವಲುಗಾರ ಬೆಂಕಿಕಡ್ಡಿಯಷ್ಟು ಉದ್ದ, ಅದಕ್ಕಿಂತ ಸ್ವಲ್ಪ ದಪ್ಪ. ಎಡ ಎದೆಯ ಮೇಲೆ ಚರ್ಮ ಚೂರು ಕೊಯ್ದು ಒಳಗೆ ಸರಿಸುತ್ತಾರೆ. ಅದು ಹಗಲು ರಾತ್ರಿ ಎದೆಯ ಬಡಿತ ಕೇಳುತ್ತ ಕೂರುತ್ತದೆ. ಬಡಿತ ತಪ್ಪಿದರೆ ಬರೆದಿಟ್ಟುಕೊಳ್ಳುತ್ತದೆ. ಇದು ಔಷಧವಲ್ಲ, ರೋಗ ವಾಸಿ ಮಾಡುವುದಿಲ್ಲ, ರೋಗವನ್ನು ಹಿಡಿದುಕೊಡುತ್ತದೆ ಅಷ್ಟೇ ಎಂದು ಡಾಕ್ಟರರು ಎರಡೆರಡು ಸಲ ಹೇಳಿದರು. ಕಾರಣ ಸಿಗುವವರೆಗೆ ಮಗುವಿನ ವಿಚಾರ ಬೇಡ ಎಂದೂ ಹೇಳಿದರು. ಆ ಮಾತಿಗೆ ಶೈಲಾ ತಲೆ ತಗ್ಗಿಸಿದಳು.

ಒಳಗೆ ಕರೆಯುವ ಹೊತ್ತಿಗೆ ಶೈಲಾ ನನ್ನ ಕೈ ಹಿಡಿದುಕೊಂಡಳು. ಮೈಯೊಳಗೆ ಪರದೇಶದ ಸಾಮಾನು ಇಟ್ಟುಕೊಂಡು ಹೇಗೆ ಬಾಳುವುದು ಎಂದು ಕೇಳಿದಳು. ನಾನು ಸೆರಗಿನ ಕೆಳಗಿದ್ದ ಲಿಂಗದ ಕರಡಿಗೆಯನ್ನು ಅವಳ ಕೈಗೆ ಮುಟ್ಟಿಸಿದೆ.

"ಐವತ್ತ ವರ್ಷಾತು ಇದನ್ನ ಎದಿ ಮ್ಯಾಲ ಕಟ್ಕೊಂಡು. ಒಂದ ದಿನಾನೂ ಭಾರ ಆಗಿಲ್ಲ. ನಂದು ಹೊರಗೈತಿ, ನಿಂದು ಒಳಗ ಇರತೈತಿ. ಅಷ್ಟ ಫರಕ್."

ಅವಳು ಸಣ್ಣಗೆ ನಕ್ಕು ಒಳಗೆ ಹೋದಳು. ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಅದರ ಜೊತೆ ಒಂದು ಬಿಳಿ ಮಷೀನು ಕೊಟ್ಟರು. ಎಲೆಅಡಿಕೆ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಶೈಲಾ ಮಲಗುವ ಜಾಗದ ಹತ್ತಿರವೇ ಪ್ಲಗ್ಗಿಗೆ ಹಾಕಿಡಬೇಕು, ಅವಳು ಊರಿಗೆ ಹೋದರೆ ಅದೂ ಹೋಗಬೇಕು ಎಂದು ಹೇಳಿದರು. ಹೇಳಿದ್ದನ್ನು ನಾನು ಕೇಳಿದೆ. ಆದರೆ ಕೇಳುವುದು ಬೇರೆ, ತಿಳಿಯುವುದು ಬೇರೆ.

ನಾನು ತಿಳಿದುಕೊಂಡದ್ದು ಹೀಗೆ: ಈ ಮಷೀನು ನಮ್ಮ ಸೊಸೆಯನ್ನು ಕಾಯುತ್ತದೆ. ಅದರ ಮೈಯಲ್ಲಿ ಹಸಿರು ಬೆಳಕು ಉರಿಯುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನಾನು ಅವಳ ಕೋಣೆಗೆ ಹೋಗಿ ಅದಕ್ಕೂ ಒಂದು ಬೆರಳು ವಿಭೂತಿ ಇಡುತ್ತಿದ್ದೆ. ಅಣ್ಣಾಸಾಬ ನಗುತ್ತಿದ್ದ. ನಗಲಿ ಎಂದು ನಾನು ಬಿಡಲಿಲ್ಲ. ಮೂರ್ನಾಲ್ಕು ತಿಂಗಳು ಶೈಲಾ ಬೀಳಲಿಲ್ಲ. ನನ್ನ ನಂಬಿಕೆ ಗಟ್ಟಿಯಾಯಿತು.

ಹೀಗಿರುವಾಗ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಹೋಗಲೇಬೇಕು. ಹಬ್ಬಕ್ಕೆ ಎರಡು ದಿನ ಮೊದಲು ಶೈಲಾಳ ಅಣ್ಣ ಬಸವರಾಜ ಮೋಟಾರುಸೈಕಲ್ ತಗೊಂಡು ಬಂದ. ಶೈಲಾ ಬ್ಯಾಗಿನಲ್ಲಿ ಸೀರೆಯ ಮೇಲೆ ಮಷೀನು ಇಟ್ಟಿದ್ದಳು. ನಾನು ತೆಗೆದು ಹೊರಗಿಟ್ಟೆ.

ಗಾಡಿಯ ಮೇಲೆ ಕುಲುಕಾಡಿ ಒಡೆದರೆ ಏನು ಗತಿ ಎಂಬ ಹೆದರಿಕೆ ಇತ್ತು. ಹಬ್ಬಕ್ಕೆ ಸೇರಿದ ಓಣಿಯ ಹೆಂಗಸರೆಲ್ಲ ಅದೇನು ಇದೇನು ಎಂದು ಕೇಳಿ ಹುಡುಗಿಯ ಜೀವ ತಿನ್ನುತ್ತಾರೆ ಎಂಬುದೂ ಇತ್ತು. ಅವೆರಡಕ್ಕಿಂತ ದೊಡ್ಡದಾಗಿ ಇನ್ನೊಂದು ನಂಬಿಕೆ ನನ್ನ ತಲೆಯಲ್ಲಿ ಕೂತಿತ್ತು. ಮನೆಮಂದಿ ಪರಊರಿಗೆ ಹೋದಾಗ ನಾವು ದೇವರ ಕೋಣೆಯ ಜಗಲಿಯ ಮೇಲಿನ ದೇವರನ್ನು ಜೊತೆಗೆ ಕಟ್ಟಿ ಕಳಿಸುತ್ತೇವೆಯೇ? ದೇವರು ಜಗಲಿಯ ಮೇಲೇ ಇರುತ್ತಾನೆ, ಹೋದವರನ್ನು ಅಲ್ಲಿಂದಲೇ ಕಾಯುತ್ತಾನೆ. ಇದೂ ಹಾಗೆಯೇ ಎಂದು ನಾನು ತಿಳಿದಿದ್ದೆ.

"ನಾಕ ದಿನದ ಮಾತು, ಇದನ್ಯಾಕ ಹೊತ್ಕೊಂಡ ಹೋಗ್ತಿ? ನಾ ಜಗಲಿ ಮ್ಯಾಲ ಇಟ್ಟು ನೋಡ್ಕೋತೇನಿ" ಅಂದೆ.

ಶೈಲಾ ಏನೋ ಹೇಳಲು ಹೋದಳು. ಅಣ್ಣ ಅಂಗಳದಲ್ಲಿ ಹಾರ್ನು ಹೊಡೆದ. "ಆತ್ರಿ ಅತ್ತ್ಯಾರ" ಎಂದು ಹೋದಳು. ನಾನು ವೈರು ಸುತ್ತಿ, ಮಷೀನು ಒರೆಸಿ, ಜಗಲಿಯ ಮೇಲೆ ದೇವರ ಪಕ್ಕ ಇಟ್ಟು ಒಂದು ಕಣಗಿಲೆ ಹೂವು ಏರಿಸಿದೆ. ಅಣ್ಣಾಸಾಬ ತೋಟದಿಂದ ಬಂದು ಕೋಣೆಯಲ್ಲಿ ಮಷೀನು ಕಾಣದೆ, ಅವಳೇ ಒಯ್ದಿದ್ದಾಳೆ ಎಂದುಕೊಂಡ. ಜಗಲಿಯ ಕಡೆ ಗಂಡಸರು ನೋಡುವುದು ಹಬ್ಬಕ್ಕೊಮ್ಮೆ. ಅದೂ ಎಡೆ ಯಾವುದಿದೆ ಎಂದು ನೋಡಲಿಕ್ಕೆ.

ನಾಲ್ಕು ದಿನ ಎಂದದ್ದು ಹತ್ತು ದಿನವಾಯಿತು. ಮಳೆ ಹಿಡಿದಿತ್ತು, ಬೀಗತಿ ಇನ್ನೆರಡು ದಿನ ಇರಲಿ ಎಂದು ಹೇಳಿ ಕಳಿಸುತ್ತಲೇ ಇದ್ದರು. ನಾನು ದಿನಾ ಹೂವು ಬದಲಿಸುತ್ತಿದ್ದೆ.

ಫೋನು ಬಂದದ್ದು ಆಗ. ಅಣ್ಣಾಸಾಬ ಮಣೂಕ ತಗೊಂಡು ತಾಸಗಾಂವದ ಪೇಟೆಗೆ ಹೋಗಿದ್ದ, ಅವನ ಫೋನಿಗೆ ಕರೆ ಹತ್ತಿರಲಿಲ್ಲ. ಹಾಗಾಗಿ ನನ್ನ ಗುಂಡಿ ಫೋನಿಗೆ ಬಂತು. ದವಾಖಾನೆಯಲ್ಲಿ ಈ ಮಷೀನುಗಳ ಲೆಕ್ಕ ನೋಡುವ ಹುಡುಗಿ. ಮರಾಠಿಯವಳು. ನಮ್ಮ ಸೀಮೆಯಲ್ಲಿ ಎರಡೂ ಭಾಷೆ ಮನೆಯವೇ. ಅವಳು ನನ್ನನ್ನು ಆಜಿ ಎಂದು ಕರೆದು, ಹತ್ತು ದಿನದಿಂದ ನಿಮ್ಮ ಮಷೀನಿನ ಸುದ್ದಿಯೇ ಇಲ್ಲ, ಪೇಶಂಟ್ ಎಲ್ಲಿದ್ದಾರೆ ಎಂದು ಕೇಳಿದಳು. ಸೊಸೆ ಅಂಕಲಿಗೆ, ತವರಿಗೆ ಹೋಗಿದ್ದಾಳೆ ಅಂದೆ. ಮಷೀನು ಎಲ್ಲಿ ಎಂದಳು. ಜಗಲಿಯ ಮೇಲೆ ಜೋಪಾನವಾಗಿದೆ, ದಿನಾ ಹೂವು ಏರಿಸುತ್ತೇನೆ ಅಂದೆ.

ನಗುತ್ತಾಳೆಯೋ ಬೈಯುತ್ತಾಳೆಯೋ ತಿಳಿಯಲಿಲ್ಲ. ಅವಳು ಎರಡೂ ಮಾಡಲಿಲ್ಲ. ಮೆಲ್ಲಗೆ ತಿಳಿಸಿ ಹೇಳಿದಳು. ಆಜಿ, ಚೀಟಿ ಬರೆಯುವುದು ನಿಮ್ಮ ಸೊಸೆಯ ಎದೆಯೊಳಗಿರುವ ಕಡ್ಡಿ. ಆ ಚೀಟಿಯನ್ನು ನಮಗೆ ಮುಟ್ಟಿಸುವ ಪೋಸ್ಟಮನ್ ಈ ಮಷೀನು. ಚೀಟಿ ಅಂಕಲಿಯಲ್ಲಿದೆ, ಪೋಸ್ಟಮನ್ನನ್ನು ನೀವು ಐನಾಪುರದ ಜಗಲಿಯ ಮೇಲೆ ಕೂಡಿಸಿದ್ದೀರಿ. ಹತ್ತು ದಿನದಲ್ಲಿ ಅಲ್ಲಿ ಏನಾಗಿದೆಯೋ ನಮಗೆ ಯಾರಿಗೂ ಗೊತ್ತಿಲ್ಲ.

ಈ ಮಾತು ಕೇಳಿ ನನ್ನ ಕೈಯೊಳಗಿನ ಉಂಡಿ ನೆಲಕ್ಕೆ ಬಿತ್ತು. ಅಂಕಲಿಗೆ ಫೋನು ಹಚ್ಚಿದೆ, ಬಸವರಾಜನದೂ ಹತ್ತಲಿಲ್ಲ. ನಮ್ಮ ಮನೆಯವರಿಗೆ ಮೊಣಕಾಲು ನೋವು, ಬಸ್ಸು ಹತ್ತಲು ಬರುವುದಿಲ್ಲ. ಕರೆಯದೆ ಬೀಗರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಸೊಸೆ ಪಂಚಮಿಗೆ ಹೋಗಿದ್ದಾಗ ಅತ್ತೆ ಬೆನ್ನು ಹತ್ತಿ ಹೋದರೆ ಜಗಳಕ್ಕೇ ಬಂದಳು ಎಂದು ತಿಳಿಯುತ್ತಾರೆ. ಅದೆಲ್ಲ ನೆನಪಾಯಿತು. ಆದರೂ ಜಗಲಿಯ ಮೇಲಿನ ಹೂವು ತೆಗೆದೆ, ಮಷೀನನ್ನು ನನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದೆ, ಗಂಟು ಕಟ್ಟಿದೆ. ಪಕ್ಕದ ತೋಟದವರ ಗಾಡಿಯ ಹಿಂದೆ ಕೂತು ಕಾಗವಾಡಕ್ಕೆ ಬಂದು ಚಿಕ್ಕೋಡಿ ಬಸ್ಸು ಹತ್ತಿದೆ.

ಬಸ್ಸು ತುಂಬಿ ತುಳುಕುತ್ತಿತ್ತು. ಹಬ್ಬ ಮುಗಿಸಿ ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು, ಉಂಡಿ ಡಬ್ಬಿಗಳು, ಕೂಸುಗಳು. ಕಂಬಿ ಹಿಡಿಯಲು ನನಗೆ ಕೈಯಿಲ್ಲ, ಎರಡೂ ಕೈಯಲ್ಲಿ ಗಂಟು. ಒಬ್ಬಳ ಡಬ್ಬಿ ಗಂಟಿಗೆ ಬಡಿಯಿತು. ನಾನು ಅದನ್ನು ಇನ್ನೂ ಬಿಗಿಯಾಗಿ ಅವಚಿಕೊಂಡೆ. ಕಂಡಕ್ಟರ ನೋಡಿದ.

"ಅಜ್ಜಿ, ಏನ ಅದು ಅಷ್ಟ ಅವಚಿ ಹಿಡ್ದೀರಿ?"

ನನ್ನ ಬಾಯಿಂದ ವಿಚಾರ ಮಾಡದೆ ಬಂದ ಮಾತು ಇದು: "ನನ್ನ ಸೊಸಿ ಎದಿ ಐತೆಪಾ."

ಅಕ್ಕಪಕ್ಕದವರೆಲ್ಲ ನನ್ನ ಕಡೆ ತಿರುಗಿದರು. ನಾನು ಹೆದರಿಕೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಕಡ್ಡಿ, ಪೋಸ್ಟಮನ್, ಜಗಲಿ, ಹತ್ತು ದಿನ. ಕಂಡಕ್ಟರ ಗಂಟನ್ನು ನೋಡಿ, ನನ್ನ ಮುಖ ನೋಡಿ, ಆಧಾರ ಕಾರ್ಡೂ ಕೇಳದೆ ಚೀಟಿ ಹರಿದು ಕೈಗಿಟ್ಟ.

"ಹೆಣ್ಣಮಕ್ಕಳಿಗೆ ಬಸ್ಸ ಪುಕ್ಕಟ ಐತಿ. ಹೆಣ್ಣಮಗಳ ಎದಿಗೂ ಪುಕ್ಕಟನ. ಒಂದ ಸೀಟ ಬಿಡ್ರಿ ಯಾರರ."

ಎದ್ದು ನಿಂತವರು ಒಬ್ಬ ಮುದುಕರು. ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ. ನಿಪ್ಪಾಣಿಯವರಂತೆ, ಬಳೆ ವ್ಯಾಪಾರ. ಹಬ್ಬದ ವ್ಯಾಪಾರ ಮುಗಿಸಿ ಊರಿಗೆ ಹೊರಟಿದ್ದರು. ಅವರ ವಯಸ್ಸು ನೋಡಿ ನಾನು ಬೇಡ ಅಂದೆ. ಅವರು ಕೇಳಲಿಲ್ಲ.

"ಕುಂದ್ರ ತಂಗಿ. ಒಡಿಯೂ ಸಾಮಾನ ಹೊತ್ತ ನಲವತ್ತ ವರ್ಷಾತು ನನಗ. ನೀ ಕಟ್ಟಿದ ಗಂಟ ಸರಿ ಇಲ್ಲ, ಕೊಡ ಇಲ್ಲೆ."

ನಿಂತುಕೊಂಡೇ ನನ್ನ ಗಂಟು ಬಿಚ್ಚಿದರು. ತಮ್ಮ ಬಳೆಯ ಪೆಟ್ಟಿಗೆಯಿಂದ ಒಂದು ಹಿಡಿ ಹುಲ್ಲು ತೆಗೆದು ಮಷೀನಿನ ನಾಲ್ಕೂ ಮಗ್ಗುಲಿಗೆ ತುಂಬಿ, ಸೀರೆಯನ್ನು ಬೇರೆ ರೀತಿ ಮಡಚಿ ಬಿಗಿಯಾಗಿ ಕಟ್ಟಿಕೊಟ್ಟರು. ಈಗ ಕೈ ತಪ್ಪಿ ಬಿದ್ದರೂ ಏನಾಗುವುದಿಲ್ಲ ಎಂದರು. ಆದರೂ ನಾನು ಮಡಿಲಿನಿಂದ ಇಳಿಸಲಿಲ್ಲ.

ಮಾಂಜರಿಯ ಸೇತುವೆಯ ಮೇಲೆ ಬಸ್ಸು ಬಂದಾಗ ಕೃಷ್ಣೆ ದಡ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಹೆಂಗಸರೆಲ್ಲ ಕೈ ಮುಗಿದರು. ನನಗೆ ಕೈ ಮುಗಿಯಲೂ ಆಗಲಿಲ್ಲ, ಗಂಟಿತ್ತು. ಮನಸ್ಸಿನಲ್ಲೇ ಬೇಡಿಕೊಂಡೆ. ಅಂಕಲಿ ಬಂತು. ಇಳಿಯುವಾಗ ಆ ಹಿರಿಯರು ಆರು ಹಸಿರು ಬಳೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ತುರುಕಿದರು, ಸೊಸೆಗೆ ಇಡಿಸು ಎಂದರು. ಹೆಸರು ಕೇಳಬೇಕು ಎನ್ನುವಷ್ಟರಲ್ಲಿ ಬಸ್ಸು ಹೊರಟಿತ್ತು.

ಬೀಗರ ಅಂಗಳದಲ್ಲಿ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಇನ್ನೂ ಹಾಗೇ ಇತ್ತು. ಬೀಗತಿ ನನ್ನನ್ನು ಕಂಡು ಕೈಯೊಳಗಿನ ಮೊರ ಕೆಳಗಿಟ್ಟರು. ಅವರ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು. ಮಗಳನ್ನು ಬಹಳ ದಿನ ಇಟ್ಟುಕೊಂಡದ್ದಕ್ಕೆ ಸಿಟ್ಟಾಗಿ ಬಂದಿದ್ದೇನೆ ಎಂದೇ ತಿಳಿದರು. ಕಾಲಿಗೆ ನೀರು, ಬಾಯಿಗೆ ಬೆಲ್ಲ ತರಲು ಒಳಗೆ ಓಡಿದರು. ನಾನು ಹಿಂದೆಯೇ ಹೋದೆ.

"ನೀರು ಬೆಲ್ಲ ಆಮ್ಯಾಲ ಅಕ್ಕಾರ. ಮೊದಲ ಪ್ಲಗ್ ಎಲ್ಲೈತಿ ತೋರಸ್ರಿ."

ಶೈಲಾ ಒಳಕೋಣೆಯಿಂದ ಬಂದಳು. ನನ್ನನ್ನು ಕಂಡು, ನನ್ನ ಗಂಟನ್ನು ಕಂಡು, ಬಾಗಿಲಿಗೆ ಆತು ನಿಂತಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಹುಬ್ಬಿನ ಮೇಲೆ ಹೊಸ ಗಾಯ. ಏನಾಯಿತು ಎಂದು ನಾನು ಕೇಳಲಿಲ್ಲ. ಮಷೀನು ತೆಗೆದು, ಹುಲ್ಲು ಕೊಡವಿ, ಪ್ಲಗ್ಗಿಗೆ ಹಾಕಿದೆ. ಬೆಳಕು ಬರಲಿಲ್ಲ. ಒಡೆಯಿತೇ ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಆಗ ಬೀಗತಿ ಮೆಲ್ಲಗೆ, ಮುಂಜಾನೆಯಿಂದ ಕರೆಂಟೇ ಇಲ್ಲ ಅಂದರು.

ಮೂವರೂ ಆ ಮಷೀನಿನ ಸುತ್ತ ಕೂತೆವು. ಎರಡು ತಾಸು ಕೂತಿರಬೇಕು. ನಡುವೆ ನಾನೇ ಬಾಯಿ ತೆರೆದೆ. ಇದನ್ನು ನೀನು ತರುತ್ತೇನೆ ಅಂದಿದ್ದೆ, ನಾನು ಬಿಡಿಸಿ ಇಟ್ಟುಕೊಂಡೆ, ತಪ್ಪು ನನ್ನದು ಎಂದು ಬೀಗತಿಯ ಎದುರಿಗೇ ಹೇಳಿದೆ. ಅತ್ತೆಯಾದವಳು ಬೀಗರ ಮನೆಯಲ್ಲಿ ಕೂತು ಹೀಗೆ ಹೇಳುವುದು ಸುಲಭವಲ್ಲ. ಆದರೆ ಹೇಳಿದ ಮೇಲೆ ನನ್ನ ಎದೆ ಹಗುರಾಯಿತು.

ಶೈಲಾ ನನ್ನ ಕಾಲ ಮೇಲೆ ಕೈಯಿಟ್ಟು ಅಳಲು ಶುರು ಮಾಡಿದಳು.

"ನಾನೂ ಹೇಳಿಲ್ರಿ ಅತ್ತ್ಯಾರ. ಪಂಚಮಿ ದಿನ ಜೋಕಾಲಿ ಇಳದಾಕಿ ಹಂಗ ಬಿದ್ದೆ. ಎಲ್ಲಾರಿಗೂ ಆಣಿ ಹಾಕಿ ಬಾಯಿ ಮುಚ್ಚಿಸೇನಿ. ನಿಮಗ ತಿಳದ್ರ ಹೊಳ್ಳಿ ಕರಕೊಳ್ಳೂದಿಲ್ಲ ಅಂತ ತಿಳಕೊಂಡಿದ್ದೆ."

ಅಂದು ನಮ್ಮ ಪಡಸಾಲೆಯಲ್ಲಿ ಬಂಧುಗಳು ಆಡಿದ ಮಾತು ಈ ಹುಡುಗಿಯ ಹೊಟ್ಟೆಯಲ್ಲಿ ಇಷ್ಟು ದಿನ ಕೂತಿತ್ತು. ನಾನು ಅಂದು ಅವರಿಗೆ ಬಾಗಿಲು ತೋರಿಸಿದ್ದೆ. ಆದರೆ ಹಾಗೆ ತೋರಿಸಿದೆ ಎಂದು ಸೊಸೆಗೆ ಒಂದು ದಿನವೂ ಹೇಳಿರಲಿಲ್ಲ. ಇದು ನನ್ನ ಎರಡನೇ ತಪ್ಪು.

"ಹುಚ್ಚಿ" ಅಂದೆ. "ಹೊಳ್ಳಿ ಕರಕೊಳ್ಳಾಕಿ ಅಲ್ಲದಿದ್ರ ನಿನ್ನ ಎದಿ ಹೊತ್ಕೊಂಡ ಇಷ್ಟ ದೂರ ಯಾಕ ಬರ್ತಿದ್ದೆ?"

ಬೀಗತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಎದ್ದು ಹೋಗಿ ನೀರು ಬೆಲ್ಲ ತಂದರು. ಈ ಸಲ ತಿಂದೆ.

ಮಧ್ಯಾಹ್ನ ಎರಡರ ಮೇಲೆ ಕರೆಂಟು ಬಂತು. ಮಷೀನಿನ ಹಸಿರು ಬೆಳಕು ಹತ್ತಿತು. ದವಾಖಾನೆಯ ಹುಡುಗಿ ಹೇಳಿಕೊಟ್ಟ ಹಾಗೆ ಶೈಲಾ ಅದರ ಹತ್ತಿರ ಕೂತು ಗುಂಡಿ ಒತ್ತಿದಳು. ಸಣ್ಣ ಸಣ್ಣ ದೀಪಗಳು ಒಂದರ ಹಿಂದೆ ಒಂದು ಓಡತೊಡಗಿದವು. ನಿಂತವು. ಮತ್ತೆ ಓಡಿದವು. ನನ್ನ ಬಾಯಲ್ಲಿ ಪಂಚಾಕ್ಷರಿ ಬಿಟ್ಟರೆ ಬೇರೆ ಮಾತಿರಲಿಲ್ಲ.

ಅರ್ಧ ತಾಸಿನಲ್ಲಿ ನನ್ನ ಫೋನು ರಿಂಗಾಯಿತು. ಹುಡುಗಿಯಲ್ಲ, ಹಿರಿಯ ಡಾಕ್ಟರರೇ.

"ಅವ್ವಾರ, ಪಂಚಮಿ ದಿನ ಸಂಜಿ ನಾಕೂವರಿ ಸುಮಾರ ನಿಮ್ಮ ಸೊಸಿ ಎಲ್ಲಿದ್ಲು?"

ನಾನು ಶೈಲಾಳ ಮುಖ ನೋಡಿದೆ. "ಆಗಷ್ಟ ಜೋಕಾಲಿ ಇಳದಿದ್ಲರಿ" ಅಂದೆ.

"ಆ ಹೊತ್ತಿನ್ಯಾಗ ಆಕಿ ಎದಿ ಹನ್ನೊಂದ ಸೆಕೆಂಡ ನಿಂತಿತ್ತು. ಕಳ್ಳ ಸಿಕ್ಕ. ಇವತ್ತ ಈಗ ಕರಕೊಂಡ ಬರ್ರಿ."

ಹನ್ನೊಂದು ಸೆಕೆಂಡು ಎಂದರೆ ಎಷ್ಟು ಎಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ಬಾಡಿಗೆ ಜೀಪಿನಲ್ಲಿ ಮಿರಜಕ್ಕೆ ಹೋಗುವಾಗ ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿ ನೋಡಿದೆ. ಏಳಕ್ಕೆ ಬರುವಷ್ಟರಲ್ಲಿ ಮುಂದೆ ಎಣಿಸಲು ಆಗಲಿಲ್ಲ. ಪಕ್ಕದಲ್ಲಿ ಕೂತ ಶೈಲಾಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಮಿರಜದಲ್ಲಿ ಡಾಕ್ಟರರು ಕಾಗದದ ಮೇಲಿನ ಗೆರೆ ತೋರಿಸಿದರು. ಏರುತ್ತಾ ಇಳಿಯುತ್ತಾ ಬಂದ ಗೆರೆ ಒಂದು ಕಡೆ ಬರಿದಾಗಿ ಉದ್ದಕ್ಕೆ ಮಲಗಿತ್ತು. ಎದೆಯ ಮೇಲಿನ ಮನೆ ಕಳಿಸಿದ ಸಂದೇಶ ಕೆಳಗಿನ ಮನೆಗೆ ಮುಟ್ಟುತ್ತಿಲ್ಲ, ನಡುವೆ ತಂತಿ ಆಗಾಗ ಕಡಿಯುತ್ತದೆ, ಅದಕ್ಕೇ ಬೀಳುತ್ತಾಳೆ ಎಂದರು. ಫಿಟ್ಸ್ ಅಲ್ಲವೇ ಅಲ್ಲ. ಆ ಗುಳಿಗೆಗಳನ್ನು ಮೆಲ್ಲಗೆ ಬಿಡಿಸಿದರು. ಗಾಳಿಯ ಸುದ್ದಿಯನ್ನು ನಾನು ಎತ್ತಲೇ ಇಲ್ಲ. ಮಾರನೇ ದಿನ ಎದೆಗೆ ಪೇಸ್‌ಮೇಕರ್ ಹಾಕಿದರು, ಕಾವಲು ಕೂತಿದ್ದ ಕಡ್ಡಿಯನ್ನು ಹೊರಗೆ ತೆಗೆದರು. ಅಣ್ಣಾಸಾಬ ತಾಸಗಾಂವದಿಂದ ನೇರ ಅಲ್ಲಿಗೇ ಬಂದ. ಹೆಂಡತಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಯವ್ವಾ, ಜಗಲಿ ಮ್ಯಾಲ ಏನೇನ ಇಟ್ಟೀ ಇನ್ನ ದಿನಾ ನೋಡತೇನಿ" ಅಂದ. ಬೈದದ್ದು ಅಷ್ಟೇ.

ಬೈಯಬೇಕಾದವರು ಡಾಕ್ಟರರು. ಅವರಿಗೂ ಎಲ್ಲ ಹೇಳಿದೆ. ಹತ್ತು ದಿನ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಎಂದು ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಆಗಬಹುದಿತ್ತು ಅಂದರು. ಆದರೆ ಕಡ್ಡಿ ಬರೆದಿಟ್ಟಿತ್ತು, ನೀವು ಆ ದಿನವೇ ಹೊತ್ತು ತಂದಿರಿ, ನಾಳೆ ನೋಡೋಣ ಎನ್ನಲಿಲ್ಲ, ಅದೂ ನೆನಪಿರಲಿ ಅಂದರು. ಮನೆಗೆ ಹೊರಡುವ ದಿನ ಮಷೀನನ್ನು ದವಾಖಾನೆಗೆ ಮರಳಿಸಿದೆವು. ಕೊಡುವ ಮೊದಲು ನಾನು ಅದಕ್ಕೆ ಕೈ ಮುಗಿದೆ. ಆ ಮರಾಠಿ ಹುಡುಗಿ ಈ ಸಲ ನಕ್ಕಳು. ನಗಲಿ. ಅವಳಿಗೂ ಕೈ ಮುಗಿದೆ.

ಅಂದಿನಿಂದ ಶೈಲಾ ಒಂದು ಸಲವೂ ಬಿದ್ದಿಲ್ಲ. ಮುಂದಿನ ಸುಗ್ಗಿಯಲ್ಲಿ ಮಣೂಕದ ಶೆಡ್ಡಿನಲ್ಲಿ ನನಗಿಂತ ಜೋರಾಗಿ ಕೆಲಸ ಮಾಡಿದಳು. ಡಾಕ್ಟರರು ಇನ್ನು ಹೆದರಿಕೆಯಿಲ್ಲ ಎಂದು ಮಗುವಿಗೂ ಒಪ್ಪಿಗೆ ಕೊಟ್ಟರು. ಬಸುರಿಗೆ ಮಾಡುವ ಕುಬಸದ ದಿನ ಅವಳ ಕೈಗೆ ನಾನು ಏರಿಸಿದ್ದು ಆ ನಿಪ್ಪಾಣಿಯ ಹಿರಿಯರು ಕೊಟ್ಟ ಆರು ಹಸಿರು ಬಳೆಗಳನ್ನು. ಈ ವರ್ಷ ಸಂಕ್ರಾಂತಿ ಕಳೆದು ಮೂರನೇ ದಿನಕ್ಕೆ ನನಗೆ ಮೊಮ್ಮಗಳು ಹುಟ್ಟಿದಳು. ಕೂಸನ್ನು ಕೈಗೆ ಕೊಟ್ಟಾಗ ಎಲ್ಲರೂ ಮೂಗು ಯಾರದು, ಬಣ್ಣ ಯಾರದು ಎಂದು ನೋಡುತ್ತಿದ್ದರು. ನಾನು ಕೂಸಿನ ಎದೆಗೆ ಕಿವಿ ಹಚ್ಚಿದೆ. ಕರು ಓಡಿದ ಹಾಗೆ ಓಡುತ್ತಿತ್ತು. ಅಲ್ಲಿಂದ ಕಿವಿ ತೆಗೆಯಲು ಮನಸ್ಸೇ ಬರಲಿಲ್ಲ. ನರ್ಸಮ್ಮ ಬಂದು ಬಿಡಿಸಿಕೊಂಡಳು.

ಮೊನ್ನೆಯ ಪಂಚಮಿಗೆ ಬಸವರಾಜ ಬಂದ. ತಂಗಿಯನ್ನಷ್ಟೇ ಕರೆಯಲು ಬಂದಿರಲಿಲ್ಲ. ಬೀಗತಿ ಹೇಳಿ ಕಳಿಸಿದ್ದರು: ಅವತ್ತು ಕರೆಯದೆ ಬಂದವರು ಇವತ್ತು ಕರೆದರೆ ಬರುವುದಿಲ್ಲವೇ? ಅತ್ತೆ ಸೊಸೆ ಕೂಡಿ ಒಬ್ಬರ ತವರಿಗೆ ಪಂಚಮಿಗೆ ಹೋದದ್ದನ್ನು ನಾನು ನಮ್ಮ ಕಡೆ ಎಲ್ಲೂ ಕಂಡಿಲ್ಲ. ಹೋದೆವು.

ಅದೇ ಬೇವಿನ ಮರ, ಅದೇ ಜೋಕಾಲಿ. ಸಂಜೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ಯಾರು ಮೊದಲು ಕೂರುವುದು ಎಂದು ನಡೆದಿತ್ತು. ಶೈಲಾ ಕೂಸನ್ನು ನನ್ನ ಮಡಿಲಿಗೆ ಹಾಕಿ, "ನೀವ ಕುಂದ್ರಿ ಅತ್ತ್ಯಾರ, ನಾ ತೂಗತೇನಿ" ಅಂದಳು. ಹೆಂಗಸರು ಮುದುಕಿಗೆ ಜೋಕಾಲಿ ಎಂದು ನಗತೊಡಗಿದರು. ನಾನು ಜೋಕಾಲಿ ಏರಿ ನಲವತ್ತು ವರ್ಷವಾಗಿತ್ತು. ಕೂತೆ.

ಅವಳು ಹಿಂದಿನಿಂದ ಬೆನ್ನಿಗೆ ಕೈ ಹಚ್ಚಿ ಮೆಲ್ಲಗೆ ನೂಕಿದಳು. ಮೊಮ್ಮಗಳು ಮೊದಲು ಗಾಬರಿಯಾಗಿ, ಆಮೇಲೆ ಬಾಯಿ ತೆರೆದು ನಕ್ಕಳು. ನಾನು ಗಾಳಿಯಲ್ಲಿ ಹೋಗುತ್ತಾ ಬರುತ್ತಾ ಇದ್ದೆ. ಪ್ರತಿ ಸಲ ಹಿಂದೆ ಬಂದಾಗ ಸೊಸೆಯ ಎರಡು ಕೈ ನನ್ನ ಬೆನ್ನಿಗೆ ಸಿಗುತ್ತಿದ್ದವು. ಒಂದು ಸಲವೂ ತಪ್ಪಲಿಲ್ಲ. ನನಗೆ ಗೊತ್ತಿಲ್ಲದೆ ನಾನು ಎಣಿಸುತ್ತಿದ್ದೆ. ಎಂಟು, ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದಾದ ಮೇಲೂ ಆ ಕೈಗಳು ಬಂದವು. ಎಣಿಸುವುದನ್ನು ಅಲ್ಲಿಗೆ ಬಿಟ್ಟೆ.